ಹಳೆಯ ಟ್ರೇಲರ್ ಕೊಳ್ಳುವ ಮುನ್ನ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆಯೆಂದರೆ ಅಮೆರಿಕದವರಿಗೆ ಬಲು ಪ್ರೀತಿ. ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಎಲ್ಲವೂ ಅದರೊಳಗೇ ಇರುತ್ತವೆ. ಹೊಸದು ಕೊಳ್ಳಲು ಹಣ ಸಾಲದವರು ಇಪ್ಪತ್ತು, ಮೂವತ್ತು ವರ್ಷ ಹಳೆಯದನ್ನು ಹುಡುಕುತ್ತಾರೆ. ಎಂಜಿನ್ನೇ ಇಲ್ಲದ ಗಾಡಿ, ಕೆಡುವುದಕ್ಕೆ ಏನಿದೆ ಎಂದುಕೊಂಡವರು ಮೋಸ ಹೋಗುತ್ತಾರೆ. ಟ್ರೇಲರನ್ನು ಕೊಲ್ಲುವುದು ನೀರು.

ಆ ಕಾಲದ ಬಹುಪಾಲು ಟ್ರೇಲರುಗಳಿಗೆ ಸಣ್ಣ ಮರದ ಪಟ್ಟಿಗಳದೇ ಚೌಕಟ್ಟು. ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಹಾಳೆ, ಒಳಗೆ ತೆಳು ಪ್ಲೈವುಡ್. ಚಾವಣಿ ಗೋಡೆಗೆ ಕೂಡುವಲ್ಲಿ, ಕಿಟಕಿಯ ಸುತ್ತ, ಗಾಳಿಕಂಡಿಯ ಅಂಚಿಗೆ ಸೀಲಂಟ್ ಮೆತ್ತಿರುತ್ತಾರೆ. ಅದು ಬಿಸಿಲಿಗೆ ಒಣಗಿ ಬಿರಿಯುತ್ತದೆ, ರಸ್ತೆಯ ಕುಲುಕಾಟಕ್ಕೆ ಸಂದು ಬಾಯಿಬಿಡುತ್ತದೆ. ಒಳಗಿಳಿದ ಮಳೆನೀರು ಆರಲು ದಾರಿಯಿಲ್ಲದೆ ಮರ ಲಡ್ಡಾಗುತ್ತದೆ. ಹೊರಗಿನ ಹಾಳೆ ಮಾತ್ರ ಫಳಫಳ ಹೊಳೆಯುತ್ತಲೇ ಇರುತ್ತದೆ.

ಆದ್ದರಿಂದ ಸಾಧ್ಯವಾದರೆ ಮಳೆ ಬಂದ ಮರುದಿನ ನೋಡಲು ಹೋಗಿ. ಬಾಗಿಲು ತೆಗೆದೊಡನೆ ಮುಗ್ಗಲು ವಾಸನೆ ಬಂತೇ? ಸುಗಂಧ ಸಿಂಪಡಿಸಿದ್ದರೆ ಅನುಮಾನ ಇನ್ನೂ ಹೆಚ್ಚಲಿ. ಮಾರುವವರು ಹೊಸ ಪರದೆ, ದಿಂಬುಗಳನ್ನು ತೋರಿಸುತ್ತಾರೆ. ನೀವು ಕಪಾಟು ತೆರೆದು ಹಿಂಬದಿಯ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ಬಾಗಿಲ ಬಳಿ, ಮಂಚದ ಕೆಳಗೆ, ಶೌಚಾಲಯದ ಪಕ್ಕ ಹಿಮ್ಮಡಿ ಊರಿ ನೆಲವನ್ನು ಪರೀಕ್ಷಿಸಿ. ಕಾಲಡಿ ಮೆತ್ತಗೆ ಕುಸಿದರೆ ಚೌಕಾಸಿಗೇ ಇಳಿಯದೆ ಹೊರಟುಬಿಡಿ. ಫ್ರಿಜ್ ಕೆಟ್ಟಿದ್ದರೆ ಐಸ್ ಪೆಟ್ಟಿಗೆಯಿಂದ ಸುಧಾರಿಸಬಹುದು, ಅದನ್ನೇ ತೋರಿಸಿ ಬೆಲೆಯನ್ನೂ ಇಳಿಸಬಹುದು. ಕೊಳೆತ ಚೌಕಟ್ಟು ಹಾಗಲ್ಲ. ಅದಕ್ಕೆ ಗೋಡೆಯನ್ನೇ ಬಿಚ್ಚಬೇಕು. ಎಷ್ಟೋ ಬಾರಿ ಆ ಖರ್ಚು ಟ್ರೇಲರಿನ ಬೆಲೆಯನ್ನೂ ಮೀರುತ್ತದೆ.

ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ಶುರುವಾದ ಬೋಲರ್, ಆಮೇಲೆ ಬಂದ ಮಿನ್ನೆಸೋಟದ ಸ್ಕ್ಯಾಂಪ್ ಎಂಬ ಟ್ರೇಲರುಗಳಿಗೆ ಈ ಕಾಟ ಕಡಿಮೆ. ಫೈಬರ್‌ಗ್ಲಾಸಿನ ಎರಡು ಅಚ್ಚುಗಳನ್ನು ಕೂಡಿಸಿದ ಮೊಟ್ಟೆಯಂಥ ಮೈ, ಸಂದುಗಳೇ ಕಡಿಮೆ. ಹಾಗಾಗಿ ಹಳತಾದರೂ ಬೆಲೆ ಬೇಗ ಇಳಿಯುವುದಿಲ್ಲ. ಚಿಕ್ಕದಾದರೂ ಸರಿ, ಇಂಥದೊಂದು ಸಿಕ್ಕರೆ ಬಿಡಬೇಡಿ ಎನ್ನುತ್ತೇನೆ.

ತೀರಾ ಅಗ್ಗಕ್ಕೆ ಸಿಕ್ಕರೆ ಮೂಲ ವಿಚಾರಿಸಿ. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗಾಗಿ ಅಮೆರಿಕ ಸರ್ಕಾರ ಲಕ್ಷಕ್ಕೂ ಹೆಚ್ಚು ಟ್ರೇಲರ್ ಮತ್ತು ಸಂಚಾರಿ ಮನೆಗಳನ್ನು ಕೊಂಡಿತು. ಒಳಗಿನ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೊಮ್ಮಿ ಜನ ಕಣ್ಣುರಿ, ಕೆಮ್ಮಿನಿಂದ ನರಳಿದರು. 2008ರ ಸರ್ಕಾರಿ ಪರೀಕ್ಷೆಯಲ್ಲಿ ಅನಿಲದ ಮಟ್ಟ ಹೆಚ್ಚಿರುವುದು ಖಚಿತವಾಯಿತು. ಕಡೆಗೆ ಅವು ‘ವಾಸಕ್ಕಲ್ಲ’ ಎಂಬ ಚೀಟಿ ಹೊತ್ತು ಹರಾಜಾದವು. ಚೀಟಿ ಕಿತ್ತು ಮತ್ತೆ ಮಾರಿದವರೂ ಇದ್ದರು.

ಟೈರಿನ ಸವೆತ ನೋಡಿ ನಂಬಬೇಡಿ. ನಿಂತಲ್ಲೇ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಪಕ್ಕೆಯ ಮೇಲೆ DOT ಎಂದು ಶುರುವಾಗುವ ಸಂಖ್ಯೆಯ ಕೊನೆಯಲ್ಲಿ 2318 ಎಂದಿದ್ದರೆ ಅದು 2018ರ 23ನೆಯ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಬದಲಿಸಿ. ಮಾಲೀಕತ್ವದ ದಾಖಲೆ ಕೈಗೆ ಬಾರದೆ ದುಡ್ಡು ಕೊಡಬೇಡಿ. ನಿಮ್ಮ ಕಾರು ಎಷ್ಟು ಭಾರ ಎಳೆಯಬಲ್ಲದೆಂದು ಮೊದಲೇ ತಿಳಿದಿರಿ. ತುಂಬಿದ ಟ್ಯಾಂಕಿನ ಪ್ರತಿ ಲೀಟರಿಗೂ ಒಂದು ಕಿಲೋ ಕೂಡುತ್ತದೆ.

ಕೈಯಲ್ಲಿರುವ ಹಣವನ್ನೆಲ್ಲ ಖರೀದಿಗೇ ಸುರಿಯದೆ ಮೂರರಲ್ಲೊಂದು ಪಾಲನ್ನು ಟೈರು, ಬೇರಿಂಗ್, ಬ್ರೇಕು ಮತ್ತು ಹೊಸ ಸೀಲಂಟಿಗೆ ಎತ್ತಿಡಿ.