ಆಹಾರ ಸೇವನಾ ಪ್ರಶ್ನಾವಳಿಗಳ ಸಪ್ರಮಾಣತೆ

ಆಹಾರ ಸೇವನಾ ಪ್ರಶ್ನಾವಳಿಯ ಸಪ್ರಮಾಣತೆ ಎಂದರೆ ಜನರು ತಮ್ಮ ಆಹಾರದ ಬಗ್ಗೆ ನೀಡುವ ಉತ್ತರಗಳು ಅವರ ನಿಜವಾದ ಸೇವನೆಗೆ ಎಷ್ಟು ಹತ್ತಿರವಾಗಿವೆ ಎಂಬುದರ ಅಳತೆ. ಇದನ್ನು ತಿಳಿಯಲು ನಡೆಸುವ ಪರೀಕ್ಷೆಗೆ ಸಪ್ರಮಾಣತಾ ಅಧ್ಯಯನ ಎಂದು ಹೆಸರು. ಆಹಾರಕ್ಕೂ ಹೃದ್ರೋಗ, ಮಧುಮೇಹ, ಕ್ಯಾನ್ಸರ್ ಮುಂತಾದ ಕಾಯಿಲೆಗಳಿಗೂ ಇರುವ ಸಂಬಂಧವನ್ನು ಕುರಿತ ಅನೇಕ ನಿರ್ಣಯಗಳು ಇಂತಹ ಪ್ರಶ್ನಾವಳಿಗಳನ್ನು ಆಧರಿಸಿವೆ. ಆದುದರಿಂದ ಅವುಗಳ ದೋಷವನ್ನು ಅರಿಯುವುದು ಅಗತ್ಯ.

ಸೇವನೆಯನ್ನು ಅಳೆಯುವ ಕ್ರಮಗಳು

ಆಹಾರ ಸೇವನೆಯನ್ನು ಮುಖ್ಯವಾಗಿ ಮೂರು ರೀತಿಯಲ್ಲಿ ದಾಖಲಿಸಲಾಗುತ್ತದೆ. ಆಹಾರ ದಿನಚರಿಯಲ್ಲಿ ವ್ಯಕ್ತಿಯು ತಿಂದದ್ದನ್ನೆಲ್ಲ ಆಗಿಂದಾಗ್ಗೆ, ಸಾಧ್ಯವಾದರೆ ತೂಕ ಮಾಡಿ, ಬರೆದಿಡುತ್ತಾನೆ. 24 ಗಂಟೆಗಳ ಸ್ಮರಣಾ ವಿಧಾನದಲ್ಲಿ ಸಂದರ್ಶಕರು ಹಿಂದಿನ ದಿನದ ಆಹಾರವನ್ನು ಕೇಳಿ ತಿಳಿಯುತ್ತಾರೆ. ಆಹಾರ ಆವರ್ತನ ಪ್ರಶ್ನಾವಳಿಯು ಆಹಾರಗಳ ಪಟ್ಟಿಯೊಂದನ್ನು ನೀಡಿ, ಕಳೆದ ಕೆಲವು ತಿಂಗಳುಗಳಲ್ಲಿ ಅಥವಾ ಒಂದು ವರ್ಷದಲ್ಲಿ ಪ್ರತಿಯೊಂದನ್ನೂ ಎಷ್ಟು ಬಾರಿ ಸೇವಿಸಲಾಯಿತೆಂದು ಕೇಳುತ್ತದೆ. ಕಡಿಮೆ ಖರ್ಚಿನಲ್ಲಿ ಸಾವಿರಾರು ಜನರಿಂದ ಮಾಹಿತಿ ಪಡೆಯಬಹುದಾದ ಕಾರಣ ದೊಡ್ಡ ಅಧ್ಯಯನಗಳಲ್ಲಿ ಈ ಮೂರನೆಯ ಕ್ರಮವೇ ಹೆಚ್ಚು ಬಳಕೆಯಲ್ಲಿದೆ.

ಪರೀಕ್ಷೆಯ ವಿಧಾನ

ಸಾಮಾನ್ಯವಾಗಿ ಒಂದೇ ಗುಂಪಿನ ಜನರಿಂದ ಪ್ರಶ್ನಾವಳಿಯನ್ನು ತುಂಬಿಸಿ, ಅದರ ಫಲಿತಾಂಶವನ್ನು ಇನ್ನೂ ನಿಖರವೆಂದು ಭಾವಿಸಲಾದ ಮತ್ತೊಂದು ವಿಧಾನದೊಡನೆ ಹೋಲಿಸಲಾಗುತ್ತದೆ. ಅಮೆರಿಕದ ವಾಲ್ಟರ್ ವಿಲೆಟ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರಲ್ಲಿ 173 ಮಹಿಳೆಯರು 61 ಆಹಾರಗಳ ಪ್ರಶ್ನಾವಳಿಯನ್ನು ಸುಮಾರು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ತುಂಬಿದರು. ಆ ಅವಧಿಯಲ್ಲಿ ತಲಾ ಒಂದು ವಾರದ ನಾಲ್ಕು ಆಹಾರ ದಿನಚರಿಗಳನ್ನೂ ಬರೆದರು. ಎರಡು ಬಾರಿಯ ಉತ್ತರಗಳ ಹೋಲಿಕೆಯಿಂದ ವಿಶ್ವಾಸಾರ್ಹತೆಯೂ, ದಿನಚರಿಯೊಡನೆ ಮಾಡಿದ ಹೋಲಿಕೆಯಿಂದ ಸಪ್ರಮಾಣತೆಯೂ ತಿಳಿಯುತ್ತವೆ. ಇವೆರಡೂ ಒಂದೇ ಅಲ್ಲ: ಪ್ರತಿಬಾರಿಯೂ ಒಂದೇ ಬಗೆಯ ತಪ್ಪು ಉತ್ತರ ನೀಡುವವರ ವಿಶ್ವಾಸಾರ್ಹತೆ ಹೆಚ್ಚಿದ್ದರೂ ಸಪ್ರಮಾಣತೆ ಕಡಿಮೆಯೇ.

ಹೋಲಿಕೆಗೆ ಸಹಸಂಬಂಧ ಗುಣಾಂಕವನ್ನು ಬಳಸುವುದು ರೂಢಿ. ಆದರೆ ಎಲ್ಲರೂ ತಮ್ಮ ಸೇವನೆಯನ್ನು ಅರ್ಧಕ್ಕೆ ಇಳಿಸಿ ಹೇಳಿದರೂ ಈ ಗುಣಾಂಕ ಕುಗ್ಗುವುದಿಲ್ಲ. ಆದ್ದರಿಂದ ಎರಡು ವಿಧಾನಗಳ ನಡುವಿನ ವ್ಯತ್ಯಾಸವನ್ನು ನೇರವಾಗಿ ಪರಿಶೀಲಿಸುವ, 1986ರಲ್ಲಿ ಬ್ಲಾಂಡ್ ಮತ್ತು ಆಲ್ಟ್‌ಮನ್ ವಿವರಿಸಿದ ವಿಧಾನವನ್ನೂ ಬಳಸಲಾಗುತ್ತದೆ.

ಸಮಾನ ದೋಷಗಳ ಸಮಸ್ಯೆ

ಪ್ರಶ್ನಾವಳಿ, ದಿನಚರಿ, ಸ್ಮರಣಾ ವಿಧಾನ ಮೂರೂ ವ್ಯಕ್ತಿಯ ಸ್ವಂತ ಹೇಳಿಕೆಯನ್ನೇ ಅವಲಂಬಿಸಿವೆ. ಸಿಹಿತಿಂಡಿಯನ್ನು ಪ್ರಶ್ನಾವಳಿಯಲ್ಲಿ ಕಡಿಮೆ ಮಾಡಿ ಹೇಳುವವರು ದಿನಚರಿಯಲ್ಲೂ ಹಾಗೆಯೇ ಬರೆಯುವ ಸಂಭವವಿದೆ. ಆಗ ಎರಡೂ ದಾಖಲೆಗಳು ಒಂದಕ್ಕೊಂದು ಹೊಂದಿಕೊಂಡು, ಪ್ರಶ್ನಾವಳಿಯು ವಾಸ್ತವಕ್ಕಿಂತ ಉತ್ತಮವೆಂದು ತೋರುತ್ತದೆ. ಹೇಳಿಕೆಯನ್ನು ಅವಲಂಬಿಸದ ಜೈವಿಕ ಸೂಚಕಗಳಿಂದ ಇಂತಹ ದೋಷವನ್ನು ಪತ್ತೆಹಚ್ಚಬಹುದು.

ಜೈವಿಕ ಸೂಚಕಗಳು

ಶಕ್ತಿಯ ಸೇವನೆಗೆ ಬಳಸುವ ಸೂಚಕವು ಜಲಜನಕ ಮತ್ತು ಆಮ್ಲಜನಕದ ಭಾರವಾದ ಸಮಸ್ಥಾನಿಗಳಿರುವ ನೀರು. ಇದನ್ನು ಕುಡಿದ ಬಳಿಕ ಜಲಜನಕವು ನೀರಿನ ರೂಪದಲ್ಲಿ ಮಾತ್ರ ದೇಹದಿಂದ ಹೊರಹೋದರೆ, ಆಮ್ಲಜನಕವು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಎರಡರ ರೂಪದಲ್ಲೂ ಹೋಗುತ್ತದೆ. ಇವುಗಳ ವೇಗದ ವ್ಯತ್ಯಾಸದಿಂದ ದೇಹವು ವ್ಯಯಿಸಿದ ಶಕ್ತಿಯನ್ನು ಲೆಕ್ಕಹಾಕಬಹುದು. ದೇಹದ ತೂಕ ಸ್ಥಿರವಾಗಿದ್ದರೆ ವ್ಯಯ ಮತ್ತು ಸೇವನೆ ಸರಿಸುಮಾರು ಸಮ. ಪ್ರೋಟೀನ್ ಸೇವನೆಯನ್ನು 24 ಗಂಟೆಗಳ ಮೂತ್ರದಲ್ಲಿರುವ ಸಾರಜನಕದಿಂದ ಅಂದಾಜಿಸಲಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1999-2000ರಲ್ಲಿ 40ರಿಂದ 69 ವರ್ಷದ 484 ಜನರ ಮೇಲೆ ನಡೆಸಿದ 'ಓಪನ್' ಅಧ್ಯಯನದಲ್ಲಿ ಈ ಎರಡೂ ಸೂಚಕಗಳನ್ನು ಬಳಸಲಾಯಿತು. ಆವರ್ತನ ಪ್ರಶ್ನಾವಳಿಯಲ್ಲಿ ಪುರುಷರು ಶಕ್ತಿಯ ಸೇವನೆಯನ್ನು ಶೇ. 31-36ರಷ್ಟು, ಮಹಿಳೆಯರು ಶೇ. 34-38ರಷ್ಟು ಕಡಿಮೆ ವರದಿ ಮಾಡಿದ್ದರು. 24 ಗಂಟೆಗಳ ಸ್ಮರಣೆಯಲ್ಲಿ ಈ ಕೊರತೆ ಕ್ರಮವಾಗಿ ಶೇ. 12-14 ಮತ್ತು ಶೇ. 16-20 ಇತ್ತು.

ಪರಿಣಾಮಗಳು

ಅಳತೆಯ ದೋಷವು ಆಹಾರ ಮತ್ತು ರೋಗದ ನಡುವಿನ ಸಂಬಂಧವನ್ನು ಸಾಮಾನ್ಯವಾಗಿ ಮಸುಕುಗೊಳಿಸುತ್ತದೆ. ನಿಜವಾಗಿ ಎರಡು ಪಟ್ಟು ಇರುವ ಅಪಾಯವು ಅಧ್ಯಯನದಲ್ಲಿ ಅತ್ಯಲ್ಪವಾಗಿ ಕಂಡು, ಸಂಬಂಧವೇ ಇಲ್ಲವೆಂಬ ತಪ್ಪು ನಿರ್ಣಯಕ್ಕೆ ಎಡೆಯಾಗಬಹುದು. ಒಟ್ಟು ಪ್ರಮಾಣದ ಬದಲು ಒಟ್ಟು ಶಕ್ತಿಯಲ್ಲಿ ಪೋಷಕಾಂಶದ ಪಾಲನ್ನು ಲೆಕ್ಕಿಸಿದರೆ ದೋಷ ಸ್ವಲ್ಪ ತಗ್ಗುತ್ತದೆ.

ಸ್ಥಳೀಯ ಆಹಾರ ಪದ್ಧತಿ

ಒಂದು ಸಮುದಾಯದಲ್ಲಿ ಸಪ್ರಮಾಣವೆನಿಸಿದ ಪ್ರಶ್ನಾವಳಿ ಮತ್ತೊಂದಕ್ಕೆ ಹೊಂದಬೇಕೆಂದಿಲ್ಲ. ಕರ್ನಾಟಕದಲ್ಲಿಯೇ ರಾಗಿ ಮುದ್ದೆ, ಜೋಳದ ರೊಟ್ಟಿ, ಕುಚ್ಚಲಕ್ಕಿ ಅನ್ನ ಬೇರೆ ಬೇರೆ ಪ್ರದೇಶಗಳ ಮುಖ್ಯ ಆಹಾರಗಳು. ಮುದ್ದೆಯ ಗಾತ್ರ, ಸಾರಿನ ದಪ್ಪ, ಸೌಟಿನ ಅಳತೆ ಮನೆಯಿಂದ ಮನೆಗೆ ಬದಲಾಗುತ್ತವೆ. ಆದ್ದರಿಂದ ಆಹಾರಗಳ ಪಟ್ಟಿ ಮತ್ತು ಅಳತೆಯ ಪಾತ್ರೆಗಳನ್ನು ಸ್ಥಳೀಯವಾಗಿ ನಿಗದಿಪಡಿಸಿ, ಪ್ರಶ್ನಾವಳಿಯನ್ನು ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ. ಉತ್ತರಗಳನ್ನು ಪೋಷಕಾಂಶಗಳಾಗಿ ಪರಿವರ್ತಿಸಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ, 528 ಆಹಾರಗಳ ವಿವರವುಳ್ಳ ಭಾರತೀಯ ಆಹಾರ ಸಂಯೋಜನಾ ಕೋಷ್ಟಕಗಳು ನೆರವಾಗುತ್ತವೆ.