ಮೀನಿನೊಳಗಿನ ನೂಲು

ಘಟ್ಟದ ಮೇಲಿನ ನಮಗೂ ಕಡಲಿಗೂ ಇರುವ ನಂಟು ಬಹುಮಟ್ಟಿಗೆ ಮಂಜುಗಡ್ಡೆಯ ಪೆಟ್ಟಿಗೆಯ ಮೂಲಕ ಬಂದುದು. ಚಿಕ್ಕೋಡಿ ತಾಲೂಕಿನ ಕರೋಶಿಯು ಕಬ್ಬು, ಜೋಳಗಳ ಸೀಮೆಯ ಊರು. ಇಲ್ಲಿ ಕಡಲನ್ನು ಕಣ್ಣಾರೆ ಕಾಣದವರೂ ಕೊಂಕಣದಿಂದ ಘಟ್ಟ ಹತ್ತಿ ಬರುವ ಬಂಗಡೆಯ ರುಚಿಯನ್ನು ಬಲ್ಲರು. ಆದರೆ ಅದರ ಹೊಟ್ಟೆಯಲ್ಲಿ ಕುಳಿತು ಒಮ್ಮೊಮ್ಮೆ ಇಲ್ಲಿಯವರೆಗೂ ಬರುವ ಇನ್ನೊಂದು ಪ್ರಾಣಿಯನ್ನು ಬಲ್ಲವರು ವಿರಳ.

ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವನೆಂಬ ಕಾರಣದಿಂದ ಇಂಥ ಪಂಚಾಯಿತಿಗಳು ನನ್ನ ಬಾಗಿಲಿಗೆ ಬರುತ್ತವೆ. ನೆರೆಮನೆಯ ತಾಯಿಯೊಬ್ಬರು ಸೀಳಿದ ಮೀನನ್ನು ತಾಟಿನಲ್ಲಿಟ್ಟುಕೊಂಡು ಬಂದು, “ಗುರುಗಳ, ಇದರಾಗ ಹುಳ ಅದಾವು. ಕೆಟ್ಟ ಮೀನ ಕೊಟ್ಟಾನೇನ್ರಿ? ಚೆಲ್ಲಿಬಿಡಲೇನು?” ಎಂದು ಕೇಳಿದರು. ಕರುಳಿನ ಮೇಲೆ ಬಿಳಿಯ ನೂಲಿನ ಸುರುಳಿಗಳಂತೆ ನಾಲ್ಕಾರು ಹುಳುಗಳಿದ್ದುವು. ದಿನಗೂಲಿಯ ದುಡ್ಡಿನಿಂದ ಕೊಂಡ ಮೀನು. ಚೆಲ್ಲುವುದೆಂದರೆ ಮನೆಮಂದಿಯ ಒಂದು ಹೊತ್ತಿನ ಊಟವನ್ನೇ ಚೆಲ್ಲಿದಂತೆ.

ಕೊಳೆತ ಮೀನಿನ ಹುಳು ಬೇರೆ, ಈ ಹುಳು ಬೇರೆ. ನೊಣ ಮುತ್ತಿದ ಮೀನಿನಲ್ಲಿ ಹುಟ್ಟುವುದು ನೊಣದ ಮರಿ. ಇದಾದರೋ ಮೀನು ಜೀವಂತವಾಗಿ ಈಜುತ್ತಿದ್ದಾಗಲೇ ಅದರೊಳಗೆ ಸೇರಿದ್ದು. ಈ ಬಗೆಯ ಹುಳುಗಳಲ್ಲಿ ಹೆಸರಾದುದು ‘ಅನಿಸಾಕಿಸ್’. ಅದರ ತವರು ತಿಮಿಂಗಿಲ, ಡಾಲ್ಫಿನ್‌ಗಳ ಜಠರ. ಅಲ್ಲಿ ಇಟ್ಟ ಮೊಟ್ಟೆಗಳು ಮಲದೊಡನೆ ಕಡಲಿಗೆ ಬೀಳುತ್ತವೆ. ಒಡೆದು ಬಂದ ಮರಿಗಳನ್ನು ಸೀಗಡಿಯ ಜಾತಿಯ ಸಣ್ಣ ಪ್ರಾಣಿಗಳು ನುಂಗುತ್ತವೆ. ಅವನ್ನು ಮೀನು ನುಂಗುತ್ತದೆ. ಮೀನನ್ನು ಮತ್ತೆ ಡಾಲ್ಫಿನ್ ನುಂಗಿದರೆ ಹುಳು ಮನೆ ಸೇರಿದಂತಾಯಿತು. ನಡುವೆ ಮನುಷ್ಯನು ಕೈಹಾಕಿದರೆ ಅದಕ್ಕೂ ದಾರಿ ತಪ್ಪುತ್ತದೆ, ಅವನಿಗೂ ಸುಖವಿಲ್ಲ. ನಮ್ಮೊಳಗೆ ಅದು ಬೆಳೆದು ದೊಡ್ಡದಾಗಲಾರದು. ದಿಕ್ಕುಗಾಣದೆ ಜಠರದ ಗೋಡೆಯನ್ನೇ ಕೊರೆಯತೊಡಗುತ್ತದೆ. ಕೆಲವೇ ಗಂಟೆಗಳಲ್ಲಿ ತಾಳಲಾರದ ಹೊಟ್ಟೆನೋವು.

ಆದರೆ ಇದು ಹಸಿ ಮೀನು ತಿನ್ನುವವರ ರೋಗ. ಹಾಲೆಂಡಿನವರಿಗೆ ನಸು ಉಪ್ಪು ಸವರಿದ ಹೆರಿಂಗ್ ಮೀನೆಂದರೆ ಪ್ರಾಣ. ಅಲ್ಲಿನ ರೋಗಿಗಳ ಬಾಧೆಗೆ ಈ ಹುಳುವೇ ಕಾರಣವೆಂದು ವಾನ್ ಥೀಲ್ ಎಂಬ ವಿದ್ವಾಂಸನು 1960ರಲ್ಲಿ ಪ್ರಕಟಿಸಿದನು. 1968ರಲ್ಲಿ ಆ ಸರಕಾರವು ಹೆರಿಂಗನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ 24 ಗಂಟೆ ಇಡಬೇಕೆಂದು ವಿಧಿಸಿತು, ರೋಗ ಇಳಿಯಿತು. ಮೀನುಗಾರನ ಪೆಟ್ಟಿಗೆಯ ಮಂಜುಗಡ್ಡೆಗೆ ಈ ಹುಳು ಸಾಯದು, ನಿಂಬೆಹುಳಿಗೂ ಜಗ್ಗದು. ಕುದಿಯುವ ಸಾರಿನ ಮುಂದೆ ಮಾತ್ರ ಅದರ ಆಟ ನಡೆಯದು. ಮೀನಿನ ನಡುಭಾಗವೂ 60 ಡಿಗ್ರಿ ದಾಟಿ ಒಂದು ನಿಮಿಷ ಬೆಂದರೆ ಸಾಕು. ಕರುಳನ್ನು ಬೇಗನೆ ತೆಗೆಯುವುದು ಒಳ್ಳೆಯದು. ಏಕೆಂದರೆ ಮೀನು ಸತ್ತ ಮೇಲೆ ಹುಳು ಕರುಳು ಬಿಟ್ಟು ಮಾಂಸದೊಳಕ್ಕೆ ಸರಿಯುವುದುಂಟು. ಸತ್ತ ಹುಳುವಿನಿಂದಲೂ ಕೆಲವರ ಮೈಮೇಲೆ ದದ್ದು ಏಳಬಹುದು. ಅಂಥವರು ವೈದ್ಯರನ್ನು ಕಾಣಬೇಕು. ಉಳಿದವರು ಕರುಳು ತೆಗೆದು, ಚೆನ್ನಾಗಿ ತೊಳೆದು, ಖಾರ ಅರೆದು ಒಲೆಯ ಮೇಲಿಡಬಹುದು.

ಈ ಮಾತು ನಡೆದಾಗ ಕಟ್ಟೆಯ ಮೇಲೆ ಬಿಜಾಪುರದ ಕಡೆಯ ಮುದುಕರೊಬ್ಬರು ಕುಳಿತಿದ್ದರು. ತಾಟಿನತ್ತ ಬಗ್ಗಿ ನೋಡಿ, “ಇದು ನಮ್ಮ ನಾರಿನ ತಮ್ಮ ಇದ್ದಂಗ ಐತಿ” ಎಂದರು. ನಾರುಹುಣ್ಣನ್ನು ಕಂಡವರ ಮಾತು ಅದು. ಕಾಲಿನ ಗುಳ್ಳೆ ಒಡೆದು ಗಜದುದ್ದದ ಹುಳು ಹೊರಬರುವುದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟರಂತೆ ಎಳೆಯುವುದು, ಸುಗ್ಗಿಯ ಕಾಲದಲ್ಲಿ ದುಡಿಯುವವನೇ ಹಾಸಿಗೆ ಹಿಡಿಯುವುದು: ಇವು ಈಗಿನ ನನ್ನ ವಿದ್ಯಾರ್ಥಿಗಳಿಗೆ ಕಟ್ಟುಕತೆಯಂತೆ ಕೇಳಿಸುತ್ತವೆ.

ಅನಿಸಾಕಿಸ್ ನಾರಿನ ದೂರದ ಸಂಬಂಧಿ ಮಾತ್ರ. ನಿಜವಾದ ದಾಯಾದಿ ಕಡಲಿನಲ್ಲಿ ಬೇರೊಂದಿದೆ. ‘ಫಿಲೋಮೆಟ್ರಾ’ ಎಂಬ ಆ ಹುಳು ಹಲವು ಕಡಲಮೀನುಗಳ ಅಂಡಾಶಯದಲ್ಲಿ ರಕ್ತ ಹೀರಿ ಬದುಕುತ್ತದೆ. ಪ್ರಾಣಿಶಾಸ್ತ್ರಜ್ಞರು ಅದನ್ನೂ ನಾರುಹುಳುವನ್ನೂ ಒಂದೇ ಬಳಗಕ್ಕೆ ಸೇರಿಸುತ್ತಾರೆ. ಎರಡೂ ಮೊಟ್ಟೆಯಿಡದೆ ಮರಿಗಳನ್ನೇ ನೀರಿಗೆ ಚೆಲ್ಲುತ್ತವೆ. ಎರಡರ ಮರಿಗಳನ್ನೂ ಸೀಗಡಿಯ ದೂರದ ಬಂಧುಗಳಾದ ಸೂಕ್ಷ್ಮಪ್ರಾಣಿಗಳು ನುಂಗುತ್ತವೆ. ನಮ್ಮ ಮೆಟ್ಟಿಲುಬಾವಿಗಳಲ್ಲಿ ಆ ಕೆಲಸ ಮಾಡುತ್ತಿದ್ದುದು ಸೈಕ್ಲೋಪ್ಸ್. 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ರಷ್ಯದ ಫೆಡ್‌ಚೆಂಕೊ ಈ ಗುಟ್ಟನ್ನು ಕಂಡುಹಿಡಿದನು.

ಗುಟ್ಟು ತಿಳಿದ ಮೇಲೂ ನಾರು ನಮ್ಮನ್ನು ನೂರು ವರುಷಕ್ಕೆ ಮೇಲ್ಪಟ್ಟು ಕಾಡಿತು. ಅದಕ್ಕೆ ಮದ್ದಿರಲಿಲ್ಲ, ಲಸಿಕೆಯೂ ಇರಲಿಲ್ಲ. 1983–84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಕರ್ನಾಟಕವೂ ಸೇರಿದ ಪೀಡಿತ ರಾಜ್ಯಗಳಲ್ಲಿ ಮಾಡಿದ್ದು ಸಾಮಾನ್ಯವಾದ ಕೆಲಸಗಳನ್ನೇ: ನೀರನ್ನು ಬಟ್ಟೆಯಲ್ಲಿ ಸೋಸುವುದು, ಹುಣ್ಣಾದವರು ಬಾವಿಗಿಳಿಯದಂತೆ ನೋಡುವುದು, ಕೊಳವೆಬಾವಿ ತೋಡುವುದು, ಮದ್ದು ಹಾಕಿ ಸೈಕ್ಲೋಪ್ಸನ್ನು ಕೊಲ್ಲುವುದು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ದೇಶದ ಕೊನೆಯ ರೋಗಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಅದರ ದಾಯಾದಿಯು ಕಡಲಿನಲ್ಲಿ ಸುಖವಾಗಿದೆ. ಮೀನು ತಿನ್ನುವವರಿಗೆ ಅದರಿಂದ ಭಯವಿಲ್ಲ, ಪಾಪ, ಮೀನಿನ ತತ್ತಿಗೇ ಅದರ ಕಾಟ. ಆ ಮುದುಕರು ಮಾತ್ರ ಇಂದಿಗೂ ಕೊಡದ ಬಾಯಿಗೆ ಎರಡು ಪದರ ಧೋತರ ಕಟ್ಟದೆ ನೀರು ತುಂಬಿಸಗೊಡುವುದಿಲ್ಲ. ನಳದ ನೀರಾದರೂ ಅಷ್ಟೆ.