ತಾಲುಸ್ಥಾನವೂ ಅದರ ವಿಸ್ತರಣವೂ

ವರ್ಣಗಳ ಉತ್ಪತ್ತಿಸ್ಥಾನಗಳು ಎಂಟೆಂದು ಪಾಣಿನೀಯಶಿಕ್ಷೆಯು ಎಣಿಸುವುದು. ಉರಸ್ಸು, ಕಂಠ, ಶಿರಸ್ಸು, ಜಿಹ್ವಾಮೂಲ, ದಂತ, ನಾಸಿಕೆ, ಓಷ್ಠ, ತಾಲು ಎಂಬಿವೇ ಆ ಎಂಟು. ನಾವು ಇವನ್ನು ಶಿಷ್ಯರಿಗೆ ಬಾಯಿಪಾಠ ಮಾಡಿಸುವೆವು. ಆದರೆ ತಾಲುವಿನ ಆಕಾರವು ಎಲ್ಲರಲ್ಲಿಯೂ ಒಂದೇ ಎಂದು ಭಾವಿಸಿ ಮುಂದೆ ಸಾಗುವೆವು. ಈ ಭಾವನೆಯು ತಪ್ಪೆಂಬುದನ್ನು ನಾನು ತಡವಾಗಿ ಅರಿತೆನು. ನನ್ನ ಬಳಿ ಓದುತ್ತಿದ್ದ 12 ವರ್ಷದ ಬಾಲಕನೊಬ್ಬನಿಗೆ ಶಕಾರ ಸಕಾರಗಳ ಭೇದವು ಸ್ಪಷ್ಟವಾಗಿ ಬರುತ್ತಿರಲಿಲ್ಲ. ಅದನ್ನು ಅಲಕ್ಷ್ಯವೆಂದು ಬಗೆದು ಅನೇಕ ದಿನ ಅವನನ್ನು ಗದರಿಸಿದೆನು. ಬಳಿಕ ದಂತವೈದ್ಯರೊಬ್ಬರು ಅವನ ಬಾಯನ್ನು ಪರೀಕ್ಷಿಸಿ, ಮೇಲ್ದವಡೆಯು ಬಹಳ ಇಕ್ಕಟ್ಟಾಗಿದೆಯೆಂದೂ ಅದನ್ನು ಅಗಲಿಸಲು ಇದೇ ತಕ್ಕ ವಯಸ್ಸೆಂದೂ ಹೇಳಿದರು. ಅಂದಿನಿಂದ ಓದಿ ಕೇಳಿ ತಿಳಿದುದನ್ನು ಅಧ್ಯಾಪಕಮಿತ್ರರ ಮುಂದಿಡುವೆನು.

ಅಂಗುಳು ಒಂದೇ ಮೂಳೆಯೆಂದು ತೋರಿದರೂ ಹಾಗಲ್ಲ. ಎಡಬಲಗಳ ದವಡೆಮೂಳೆಗಳೆರಡು ನಡುಗೆರೆಯಲ್ಲಿ ಹೊಲಿಗೆ ಹಾಕಿದಂತೆ ಕೂಡಿರುವುವು. ಹಿಂಭಾಗದಲ್ಲಿ ಇನ್ನೆರಡು ಸಣ್ಣ ಮೂಳೆಗಳು ಅದೇ ರೀತಿಯಲ್ಲಿ ಸೇರಿರುವುವು. ಈ ಮಧ್ಯಸಂಧಿಯೇ ಚಿಕಿತ್ಸೆಗೆ ಆಧಾರ. ವ್ಯಾಕರಣದ ಸಂಧಿಯನ್ನು ಯಾವಾಗ ಬೇಕಾದರೂ ಬಿಡಿಸಬಹುದು. ಈ ಸಂಧಿಗಾದರೋ ಕಾಲನಿಯಮವುಂಟು. ಬಾಲ್ಯದಲ್ಲಿ ಅದು ಸರಳವಾಗಿರುವುದು. ಪ್ರಾಯವೇರಿದಂತೆ ಅದರ ಅಂಚುಗಳು ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಹೆಣೆದುಕೊಂಡು ಕಡೆಗೆ ಅಲ್ಲಲ್ಲಿ ಬೆಸೆದುಹೋಗುವುವು. ಇದು ಇಂಥ ವರ್ಷದಲ್ಲಿಯೇ ಎಂಬ ನಿಯಮವಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಭೇದವುಂಟು.

ಇಕ್ಕಟ್ಟಾದ ದವಡೆಯ ಲಕ್ಷಣಗಳು ಹೀಗಿವೆ: ಅಂಗುಳು ಕಿರಿದಾಗಿ ಕಮಾನಿನಂತೆ ಮೇಲಕ್ಕೆ ಎದ್ದಿರುವುದು, ಹಲ್ಲುಗಳು ಸ್ಥಳ ಸಾಲದೆ ಒತ್ತಾಗಿ ನಿಲ್ಲುವುವು, ಬಾಯಿ ಮುಚ್ಚಿದಾಗ ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಹೊರಗೆ ಕೂಡುವುದಕ್ಕೆ ಬದಲಾಗಿ ಒಳಗೆ ಬೀಳುವುವು. ಕೆಲವರಲ್ಲಿ ಕೆಳದವಡೆಯು ಒಂದು ಪಕ್ಕಕ್ಕೆ ಸರಿಯುವುದೂ ಉಂಟು.

ವಿಸ್ತರಣಕ್ರಮವು ಮುಖ್ಯವಾಗಿ ಎರಡು ವಿಧ. ಮಂದಕ್ರಮದಲ್ಲಿ ತೆಗೆದು ಹಾಕಬಹುದಾದ ತಿರುಪಿನ ಫಲಕವನ್ನಾಗಲಿ, ಹಲ್ಲುಗಳಿಗೆ ಬಂಧಿಸಿದ ಸುರುಳಿತಂತಿಯನ್ನಾಗಲಿ ಉಪಯೋಗಿಸಿ, ಹಲವು ತಿಂಗಳು ಮೆಲ್ಲನೆ ಒತ್ತುವರು. ಇದರಲ್ಲಿ ಹಲ್ಲುಗಳು ಹೊರಕ್ಕೆ ವಾಲುವುದೇ ಹೆಚ್ಚು. ಶೀಘ್ರಕ್ರಮದಲ್ಲಿ ಎರಡು ಕಡೆಯ ದವಡೆಹಲ್ಲುಗಳಿಗೆ ಲೋಹದ ಪಟ್ಟಿಗಳನ್ನು ಅಂಟಿಸಿ, ಅಂಗುಳಿನ ನಡುವೆ ಒಂದು ತಿರುಪನ್ನು ನಿಲ್ಲಿಸುವರು. ಮನೆಯವರು ಸಣ್ಣ ಕೀಲಿಯಿಂದ ಅದನ್ನು ಕಾಲು ಸುತ್ತು ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರು ಅಗಲವಾಗುವುದು. ವೈದ್ಯರು ಹೇಳಿದಂತೆ ದಿನಕ್ಕೆ ಒಂದು ಅಥವಾ ಎರಡು ಸಲ, ಎರಡು ಮೂರು ವಾರ ಹೀಗೆ ಮಾಡಲು ಸಂಧಿಯು ತೆರೆಯುವುದು. ಮುಂಭಾಗದಲ್ಲಿ ಹೆಚ್ಚು, ಹಿಂಭಾಗದಲ್ಲಿ ಕಡಿಮೆ. ಆಗ ಮುಂದಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಕಾಣಿಸುವುದು. ತಂದೆತಾಯಿಗಳು ಇದನ್ನು ಕಂಡು ಬೆದರಬೇಕಾದುದಿಲ್ಲ. ಸಂಧಿ ತೆರೆದುದಕ್ಕೆ ಅದೇ ಸಾಕ್ಷಿ. ಒಸಡಿನ ನಾರುಗಳ ಸೆಳೆತದಿಂದ ಆ ಹಲ್ಲುಗಳು ಬಹುಮಟ್ಟಿಗೆ ತಾವಾಗಿಯೇ ಕೂಡಿಕೊಳ್ಳುವುವು. ಬಳಿಕ ತಿರುಪನ್ನು ಅಲುಗಾಡಿಸದೆ ಮೂರರಿಂದ ಆರು ತಿಂಗಳು ಹಾಗೆಯೇ ಬಿಡಬೇಕು. ತೆರವಿನಲ್ಲಿ ಹೊಸ ಮೂಳೆಯು ತುಂಬುವುದಕ್ಕೆ ಈ ಅವಧಿ ಅವಶ್ಯಕ. ಆತುರದಿಂದ ತೆಗೆದರೆ ಗಳಿಸಿದ ಅಗಲವು ಮತ್ತೆ ಕುಗ್ಗುವುದು.

ಈ ವಿಧಾನವು ಹೊಸದಲ್ಲ. 1860ರಲ್ಲಿಯೇ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ದಂತವೈದ್ಯ ಎಮರ್ಸನ್ ಏಂಜೆಲ್ ಎಂಬವನು, 14 ವರ್ಷ ದಾಟಿದ ಬಾಲಿಕೆಯೊಬ್ಬಳ ಮೇಲ್ದವಡೆಯನ್ನು ಎರಡು ವಾರಗಳಲ್ಲಿ ಕಾಲು ಅಂಗುಲ ಅಗಲಿಸಿದುದಾಗಿ ಪ್ರಕಟಿಸಿದನು. ಮೂಳೆಗಳು ಬೇರ್ಪಟ್ಟುವೆಂಬ ಅವನ ಮಾತನ್ನು ಸಮಕಾಲೀನರು ಸುಲಭವಾಗಿ ನಂಬಲಿಲ್ಲ. ಎಕ್ಸ್-ರೇ ಕಿರಣಗಳು ಕಂಡುಬಂದುದು 1895ರಲ್ಲಿ. ಅಲ್ಲಿಯವರೆಗೆ ಅವನಿಗೆ ಪ್ರತ್ಯಕ್ಷಪ್ರಮಾಣವೇ ಇರಲಿಲ್ಲ. ಮುಂದೆ ಆಂಡ್ರ್ಯೂ ಹಾಸ್ ಎಂಬವರು ಮೊದಲು ಹಂದಿಗಳಲ್ಲಿ ಪ್ರಯೋಗಿಸಿ, ಬಳಿಕ ರೋಗಿಗಳಲ್ಲಿ ಕಂಡ ಫಲವನ್ನು 1961ರಲ್ಲಿ ಪ್ರಕಟಿಸಿದ ಮೇಲೆ ಇದು ಮತ್ತೆ ಪ್ರಚಾರಕ್ಕೆ ಬಂದಿತು.

ಪ್ರಾಯ ತುಂಬಿದವರಲ್ಲಿ ತಿರುಪೊಂದರಿಂದಲೇ ಸಂಧಿಯು ತೆರೆಯುವುದು ಕಷ್ಟ. ಹಲ್ಲುಗಳಿಗೂ ಒಸಡಿಗೂ ಹಾನಿಯಾಗಬಹುದು. ಅಂಥವರಲ್ಲಿ ಅಂಗುಳಿನ ಮೂಳೆಗೇ ಸಣ್ಣ ತಿರುಪುಮೊಳೆಗಳನ್ನು ನಾಟಿ ಎಳೆಯುವರು, ಅಥವಾ ಶಸ್ತ್ರಕ್ರಿಯೆಯಿಂದ ಮೂಳೆಯನ್ನು ಮೊದಲು ಸಡಿಲಿಸುವರು. ಬಾಲ್ಯದಲ್ಲಿ ಒಂದು ಕೀಲಿಯಿಂದ ಆಗುವ ಕೆಲಸಕ್ಕೆ ಅನಂತರ ಶಸ್ತ್ರವೇ ಬೇಕಾಗಬಹುದು.

ಉಚ್ಚಾರಣದೋಷಗಳಿಗೆಲ್ಲ ಅಂಗುಳೇ ಕಾರಣವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಅಭ್ಯಾಸದೋಷವೂ ಶ್ರವಣದೋಷವೂ ಉಂಟು. ಆ ಬಾಲಕನ ಮಾತು ಸಾಧನವನ್ನಿಟ್ಟ ಮೊದಲ ದಿನಗಳಲ್ಲಿ ಇನ್ನಷ್ಟು ತೊದಲಾಯಿತು; ಕ್ರಮೇಣ ತಿಳಿಯಾಯಿತು. ಅದು ತಿರುಪಿನ ಫಲವೋ, ಅಭ್ಯಾಸದ ಫಲವೋ ನಿರ್ಣಯಿಸಲಾರೆನು. ಇಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಲ್ಲೆನು: ವರ್ಣವು ತಪ್ಪಿದಾಗ ಗದರುವುದಕ್ಕೆ ಮುಂಚೆ ಸ್ಥಾನವು ಸರಿಯಾಗಿದೆಯೇ ಎಂದು ನೋಡಿಸುವುದು ಅಧ್ಯಾಪಕನ ಧರ್ಮ. ಆ ಸಂಧಿಯು ನಮಗಾಗಿ ಕಾದಿರುವುದಿಲ್ಲ.